ಹಳೆಯ ಮಸಲ್ ಕಾರಿಗೆ ಹೊಸ ಸ್ಪಿಂಡಲ್, ಹೊಸ ಬ್ರೇಕ್: ಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ

ಅಮೆರಿಕದ ಡೆಟ್ರಾಯಿಟ್ ನಗರದ ಹೊರವಲಯದಲ್ಲಿ ಹಾದುಹೋಗುವ ವುಡ್‌ವರ್ಡ್ ಅವೆನ್ಯೂ ಎಂಬ ರಸ್ತೆಯಲ್ಲಿ ಆಗಸ್ಟ್ ತಿಂಗಳಲ್ಲಿ ಹಳೆಯ ಕಾರುಗಳ ದೊಡ್ಡ ಮೆರವಣಿಗೆ ನಡೆಯುತ್ತದೆ. 1995ರಲ್ಲಿ ಆರಂಭವಾದ ಈ ಜಾತ್ರೆಗೆ ಶೆವೆಲ್, ಕಮಾರೋ, ಮಸ್ಟಾಂಗ್, ಜಿಟಿಓ ಮುಂತಾದ ಹೆಸರಿನ, 1960 ಮತ್ತು 70ರ ದಶಕಗಳ ಕಾರುಗಳು ಸಾಲುಗಟ್ಟಿ ಬರುತ್ತವೆ. ಆ ಭಾಗದ ವಾಹನೋದ್ಯಮದಲ್ಲಿ ದುಡಿಯುವ ಕನ್ನಡಿಗರೂ ಇದ್ದಾರೆ. ಅವರಲ್ಲಿ ಯಾರಾದರೂ ಈ ನೋಟಕ್ಕೆ ಮನಸೋತು ಇಂಥದ್ದೊಂದು ಕಾರನ್ನು ಮನೆಗೆ ತಂದರೆ, ಮೊದಲ ವಾರದಲ್ಲಿಯೇ ಎರಡು ಸಂಗತಿಗಳು ಅನುಭವಕ್ಕೆ ಬರುತ್ತವೆ. ಕಾರು ಓಡುವಷ್ಟು ಚೆನ್ನಾಗಿ ನಿಲ್ಲುವುದಿಲ್ಲ. ತಿರುವಿನಲ್ಲಿ ಮೂಗನ್ನು ಹೊರಕ್ಕೆ ಎಳೆದುಕೊಂಡು ಹೋಗುತ್ತದೆ. ಪರಿಹಾರ ಹುಡುಕಿ ಬಿಡಿಭಾಗಗಳ ಪಟ್ಟಿಯನ್ನು ತೆರೆದರೆ ಎತ್ತರದ ಸ್ಪಿಂಡಲ್, ತಗ್ಗಿಸುವ ಸ್ಪಿಂಡಲ್, ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್, ಆರು ಪಿಸ್ಟನ್ನಿನ ಕ್ಯಾಲಿಪರ್, ಹದಿಮೂರು ಅಂಗುಲದ ಡಿಸ್ಕ್ ಎಂಬ ಹೆಸರುಗಳ ರಾಶಿಯೇ ಎದುರಾಗುತ್ತದೆ. ಅವುಗಳಲ್ಲಿ ಯಾವುದು ಯಾವ ಕೆಲಸ ಮಾಡುತ್ತದೆ, ಒಂದನ್ನು ಬದಲಿಸಿದರೆ ಇನ್ನೊಂದು ಏಕೆ ಬದಲಾಗಬೇಕಾಗುತ್ತದೆ ಎಂಬುದನ್ನು ಬುಡದಿಂದ ವಿವರಿಸುವುದು ಈ ಲೇಖನದ ಉದ್ದೇಶ.

## ಆ ಕಾಲದ ಕಾರು, ಆ ಕಾಲದ ಬ್ರೇಕು

ಮಧ್ಯಮ ಗಾತ್ರದ ಸಾಮಾನ್ಯ ಕಾರಿನ ಮೈಯೊಳಗೆ ದೊಡ್ಡ ಕಾರಿನ ವಿ8 ಎಂಜಿನ್ ಕೂರಿಸಿ, ಯುವಕರ ಕೈಗೆಟಕುವ ಬೆಲೆಗೆ ಮಾರಿದ ವಾಹನಗಳಿಗೆ ಮಸಲ್ ಕಾರ್ ಎಂಬ ಹೆಸರು ಬಂತು. 1964ರ ಪಾಂಟಿಯಾಕ್ ಜಿಟಿಓವನ್ನು ಈ ಪರಂಪರೆಯ ಆರಂಭವೆಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ಅದರ 389 ಘನ ಅಂಗುಲದ ಎಂಜಿನ್ ಕನಿಷ್ಠ 325 ಅಶ್ವಶಕ್ತಿಯದು; ಅಂಥ ಕಾರನ್ನು ನಿಲ್ಲಿಸಲು ನಾಲ್ಕೂ ಚಕ್ರಗಳಲ್ಲಿ ಇದ್ದದ್ದು ಕೇವಲ 9.5 ಅಂಗುಲ ವ್ಯಾಸದ ಡ್ರಮ್ ಬ್ರೇಕು. ಜನರಲ್ ಮೋಟಾರ್ಸ್‌ನ ಈ ವರ್ಗದ ಕಾರುಗಳಿಗೆ ಮುಂದಿನ ಚಕ್ರಗಳ ಡಿಸ್ಕ್ ಬ್ರೇಕು 1967ರ ಮಾದರಿಯಲ್ಲಿ ಬಂತು, ಅದೂ ಹೆಚ್ಚುವರಿ ಹಣ ಕೊಟ್ಟವರಿಗೆ ಮಾತ್ರ. ಅದಕ್ಕೂ ಮೊದಲಿನ ಹೆಚ್ಚಿನ ಕಾರುಗಳಲ್ಲಿ ಮಾಸ್ಟರ್ ಸಿಲಿಂಡರ್, ಅಂದರೆ ಪೆಡಲ್ ಒತ್ತಿದಾಗ ಬ್ರೇಕಿನ ಎಣ್ಣೆಯನ್ನು ಚಕ್ರಗಳ ಕಡೆಗೆ ತಳ್ಳುವ ಭಾಗ, ಒಂದೇ ಕೋಣೆಯದಾಗಿತ್ತು. ಎಲ್ಲಾದರೂ ಒಂದು ರಬ್ಬರ್ ಕೊಳವೆ ಒಡೆದರೆ ನಾಲ್ಕೂ ಚಕ್ರಗಳ ಬ್ರೇಕು ಒಟ್ಟಿಗೆ ಹೋಗುತ್ತಿತ್ತು. ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಬೇರೆ ಬೇರೆ ಕೋಣೆಗಳಿರುವ ಮಾಸ್ಟರ್ ಸಿಲಿಂಡರ್ ಅಮೆರಿಕದ ಕಾರುಗಳಲ್ಲಿ ಸಾರ್ವತ್ರಿಕವಾದದ್ದು 1967ರ ಮಾದರಿಗಳ ಹೊತ್ತಿಗೆ. ಆದ್ದರಿಂದ 1966 ಅಥವಾ ಅದಕ್ಕಿಂತ ಹಳೆಯ ಕಾರಿನ ಮಾಲೀಕರು ಬೇರೇನನ್ನು ಕೊಳ್ಳದಿದ್ದರೂ ಈ ಒಂದು ಭಾಗವನ್ನು ಬದಲಿಸುವುದು ಎಲ್ಲಕ್ಕಿಂತ ಮೊದಲಿನ ಕೆಲಸ.

## ಸ್ಪಿಂಡಲ್ ಎಂಬ ಕೂಡುರಸ್ತೆ

ಮುಂದಿನ ಚಕ್ರವನ್ನು ಕಳಚಿ, ಅದರ ಹಿಂದಿನ ಡ್ರಮ್ಮನ್ನೂ ಹಬ್ಬನ್ನೂ ತೆಗೆದಾಗ ಉಳಿಯುವ ದಪ್ಪ ಉಕ್ಕಿನ ತುಂಡೇ ಸ್ಪಿಂಡಲ್. ಕೆಲವರು ಅದನ್ನು ನಕಲ್ ಎಂದೂ ಕರೆಯುತ್ತಾರೆ. ಅದರ ಮೇಲ್ತುದಿಯನ್ನು ಒಂದು ಬಾಲ್ ಜಾಯಿಂಟ್, ಅಂದರೆ ಎಲ್ಲ ದಿಕ್ಕಿಗೂ ತಿರುಗಬಲ್ಲ ಗುಂಡುಕೀಲಿನ ಮೂಲಕ ಮೇಲಿನ ಕಂಟ್ರೋಲ್ ಆರ್ಮ್, ಅಂದರೆ ಚಕ್ರವನ್ನು ಕಾರಿನ ಚೌಕಟ್ಟಿಗೆ ಸೇರಿಸುವ ತೋಳು, ಹಿಡಿದಿರುತ್ತದೆ, ಕೆಳತುದಿಯನ್ನು ಇನ್ನೊಂದು ಬಾಲ್ ಜಾಯಿಂಟ್ ಮೂಲಕ ಕೆಳಗಿನ ಕಂಟ್ರೋಲ್ ಆರ್ಮ್ ಹಿಡಿದಿರುತ್ತದೆ. ಹೊರಮುಖವಾಗಿ ಚಾಚಿದ ಗೂಟದಂಥ ಭಾಗದ ಮೇಲೆ ಬೇರಿಂಗುಗಳು ಕೂರುತ್ತವೆ, ಬೇರಿಂಗುಗಳ ಮೇಲೆ ಹಬ್ ತಿರುಗುತ್ತದೆ, ಹಬ್ಬಿಗೆ ಚಕ್ರ ಸೇರುತ್ತದೆ. ಪಕ್ಕಕ್ಕೆ ಚಾಚಿದ ಸ್ಟೀರಿಂಗ್ ಆರ್ಮ್‌ಗೆ ಟೈ ರಾಡ್, ಅಂದರೆ ಸ್ಟೀರಿಂಗಿನ ಚಲನೆಯನ್ನು ಚಕ್ರಕ್ಕೆ ತಲುಪಿಸುವ ಸರಳು, ಕಟ್ಟಿಕೊಳ್ಳುತ್ತದೆ. ಬ್ರೇಕಿನ ಕ್ಯಾಲಿಪರ್ ಅಥವಾ ಡ್ರಮ್ಮಿನ ಹಿಂದಿನ ತಗಡೂ ಇದಕ್ಕೇ ಬೋಲ್ಟ್ ಆಗುತ್ತದೆ.

ಹೀಗೆ ಕಾರಿನ ಭಾರ, ತಿರುವು, ತಡೆ, ಈ ಮೂರೂ ಒಂದೇ ತುಂಡಿನ ಮೂಲಕ ರಸ್ತೆಗೆ ಇಳಿಯುತ್ತವೆ. ಡಿಸ್ಕ್ ಬ್ರೇಕು ಕೂರಿಸಲೆಂದು ಸ್ಪಿಂಡಲ್ ಬದಲಿಸುವವರು ಅನೇಕರು. ಅದೊಂದು ಬ್ರೇಕಿನ ಹಿಡಿಕೆ ಮಾತ್ರ ಎಂದು ಭಾವಿಸಿ ಆಯ್ಕೆ ಮಾಡಿದರೆ, ಬ್ರೇಕು ಸುಧಾರಿಸಿದ ಕಾರು ಉಬ್ಬು ಹತ್ತಿದಾಗ ತಾನಾಗಿಯೇ ಪಕ್ಕಕ್ಕೆ ಎಳೆಯಲು ಶುರು ಮಾಡಬಹುದು. ಅದಕ್ಕಾಗಿ ಮೊದಲು ಚಕ್ರದ ಚಲನೆಯನ್ನು ನೋಡಿಕೊಂಡು ಆನಂತರ ಬ್ರೇಕಿಗೆ ಬರುವ ಕ್ರಮವನ್ನು ಇಲ್ಲಿ ಅನುಸರಿಸಲಾಗಿದೆ.

## ಗಡಿಯಾರದ ಮುಳ್ಳು ಮತ್ತು ವಾಲುವ ಚಕ್ರ

ಕಾರಿನ ಎದುರು ನಿಂತು ನೋಡಿದಾಗ ಚಕ್ರವು ನೆಟ್ಟಗೆ ನಿಂತಿರದೆ ಒಳಕ್ಕೋ ಹೊರಕ್ಕೋ ವಾಲಿರುವುದನ್ನು ಕ್ಯಾಂಬರ್ ಎನ್ನುತ್ತಾರೆ. ಚಕ್ರದ ತಲೆ ಎಂಜಿನ್ ಕಡೆಗೆ ವಾಲಿದ್ದರೆ ಅದು ಋಣ ಕ್ಯಾಂಬರ್, ಹೊರಕ್ಕೆ ವಾಲಿದ್ದರೆ ಧನ ಕ್ಯಾಂಬರ್. ಚಕ್ರ ಮೇಲೆ ಕೆಳಗೆ ಆಡುವಾಗ ಈ ವಾಲಿಕೆ ಸ್ಥಿರವಾಗಿರುವುದಿಲ್ಲ. ಅದು ಹೇಗೆ ಬದಲಾಗುತ್ತದೆ ಎಂಬುದನ್ನು ನಿರ್ಧರಿಸುವುದು ಕಂಟ್ರೋಲ್ ಆರ್ಮುಗಳ ಉದ್ದ ಮತ್ತು ಓರೆ.

ಗೋಡೆಯ ಗಡಿಯಾರವನ್ನು ಕಣ್ಣ ಮುಂದೆ ತಂದುಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಗಡಿಯಾರದ ನಡುಬಿಂದು ಕಾರಿನ ಚಾಸಿ, ಮುಳ್ಳು ಮೇಲಿನ ಕಂಟ್ರೋಲ್ ಆರ್ಮ್, ಮುಳ್ಳಿನ ತುದಿ ಚಕ್ರದ ಕಡೆಯ ಬಾಲ್ ಜಾಯಿಂಟ್ ಎಂದಿಟ್ಟುಕೊಳ್ಳೋಣ. ಮುಳ್ಳು ನಾಲ್ಕರಲ್ಲಿದ್ದು ಮೇಲಕ್ಕೆ ಮೂರರ ಕಡೆಗೆ ಏರಿದರೆ ಅದರ ತುದಿ ನಡುವಿನಿಂದ ಪಕ್ಕಕ್ಕೆ ದೂರ ಸರಿಯುತ್ತದೆ. ಮೂರರಿಂದ ಎರಡಕ್ಕೆ ಏರಿದರೆ ತುದಿ ಮತ್ತೆ ಒಳಕ್ಕೆ ಬರುತ್ತದೆ. 1964ರಿಂದ 72ರವರೆಗಿನ ಶೆವೆಲ್ ಮತ್ತು ಅದರ ಸೋದರ ಕಾರುಗಳಲ್ಲಿ ಸ್ಪಿಂಡಲ್ ಗಿಡ್ಡವಾಗಿದ್ದುದರಿಂದ ಮೇಲಿನ ಆರ್ಮ್ ಹೊರತುದಿಯ ಕಡೆಗೆ ಇಳಿಜಾರಾಗಿ, ಅಂದರೆ ನಾಲ್ಕರ ಕಡೆಗೆ ಇರುತ್ತದೆ. ತಿರುವಿನಲ್ಲಿ ಕಾರು ವಾಲಿ ಹೊರಬದಿಯ ಚಕ್ರ ಮೇಲಕ್ಕೆ ಒತ್ತಿಕೊಂಡಾಗ ಬಾಲ್ ಜಾಯಿಂಟ್ ಹೊರಕ್ಕೆ ಸರಿದು, ಚಕ್ರದ ತಲೆಯೂ ಹೊರಕ್ಕೆ ವಾಲುತ್ತದೆ. ಕಾರಿನ ಮೈ ವಾಲಿದ್ದೂ ಅದೇ ದಿಕ್ಕಿಗೆ. ಎರಡೂ ಕೂಡಿ ಟೈರು ತನ್ನ ಹೊರ ಅಂಚಿನ ಮೇಲೆ ನಿಲ್ಲುತ್ತದೆ, ಹಿಡಿತ ಅತ್ಯಂತ ಬೇಕಾದ ಕ್ಷಣದಲ್ಲಿ ರಸ್ತೆಗೆ ತಾಗುವ ಅಗಲ ಕಿರಿದಾಗುತ್ತದೆ.

ಇದನ್ನು ಎಂಜಿನಿಯರುಗಳ ತಪ್ಪು ಎಂದು ತಳ್ಳಿಹಾಕುವುದು ಸರಿಯಲ್ಲ. ಅಂದಿನ ಟೈರುಗಳು ಒಳಗಿನ ನೂಲಿನ ಪದರಗಳು ಓರೆಯಾಗಿರುವ ಬಯಾಸ್ ಪ್ಲೈ ಎಂಬ ಹಳೆಯ ಮಾದರಿಯವು, ಹಿಡಿತ ಕಡಿಮೆ. ಮುಂಭಾಗ ಮೊದಲು ಜಾರುವ ಕಾರು ಸಾಮಾನ್ಯ ಚಾಲಕನಿಗೆ ಹೆಚ್ಚು ಸುರಕ್ಷಿತ, ಏಕೆಂದರೆ ಅವನು ಗಾಬರಿಯಲ್ಲಿ ಆಕ್ಸಿಲರೇಟರ್ ಬಿಟ್ಟರೆ ಕಾರು ತಾನೇ ಹಳಿಗೆ ಬರುತ್ತದೆ. ಇಂದಿನ ಅಗಲವಾದ ರೇಡಿಯಲ್ ಟೈರು ಹಾಕಿದ ಮೇಲೆ ಆ ಲೆಕ್ಕ ಹೊಂದುವುದಿಲ್ಲ.

## ಎತ್ತರದ ಸ್ಪಿಂಡಲ್ ಬೇರೆ, ತಗ್ಗಿಸುವ ಸ್ಪಿಂಡಲ್ ಬೇರೆ

ಮಾರುಕಟ್ಟೆಯಲ್ಲಿ ಹೆಚ್ಚು ಗೊಂದಲ ಹುಟ್ಟಿಸುವ ಜೋಡಿ ಇದು. ಎತ್ತರದ ಸ್ಪಿಂಡಲ್‌ನಲ್ಲಿ ಎರಡು ಬಾಲ್ ಜಾಯಿಂಟುಗಳ ನಡುವಿನ ಅಂತರ ಹೆಚ್ಚು. ಅದರಿಂದ ಮೇಲಿನ ಆರ್ಮ್‌ನ ಹೊರತುದಿ ಮೇಲಕ್ಕೇರಿ ಮುಳ್ಳು ಮೂರರ ಮಟ್ಟಕ್ಕೋ ಅದಕ್ಕಿಂತ ಮೇಲಕ್ಕೋ ಬರುತ್ತದೆ. ಚಕ್ರ ಮೇಲೆ ಒತ್ತಿಕೊಂಡಂತೆ ತಲೆ ಒಳಕ್ಕೆ ವಾಲಿ, ಮೈ ವಾಲಿದ್ದನ್ನು ಸರಿದೂಗಿಸುತ್ತದೆ. ತಗ್ಗಿಸುವ ಸ್ಪಿಂಡಲ್‌ನಲ್ಲಿ ಬಾಲ್ ಜಾಯಿಂಟುಗಳ ಅಂತರ ಮೊದಲಿನಷ್ಟೇ ಇದ್ದು, ಹಬ್ ಕೂರುವ ಗೂಟ ಮಾತ್ರ ಮೇಲಕ್ಕೆ, ಸಾಮಾನ್ಯವಾಗಿ ಎರಡು ಅಂಗುಲ, ಸರಿದಿರುತ್ತದೆ. ಗೂಟ ಮೇಲೇರಿದಷ್ಟು ಕಾರು ನೆಲಕ್ಕೆ ಹತ್ತಿರವಾಗುತ್ತದೆ. ಸ್ಪ್ರಿಂಗ್ ಕತ್ತರಿಸದೆ, ಆರ್ಮುಗಳ ಓರೆ ಕೆಡಿಸದೆ ಕಾರನ್ನು ತಗ್ಗಿಸಬಹುದೆಂಬುದು ಅದರ ಗುಣ. ಆದರೆ ಆರ್ಮುಗಳ ಓರೆ ಬದಲಾಗಿಲ್ಲವಾದ್ದರಿಂದ ಕ್ಯಾಂಬರಿನ ಮೂಲ ದೋಷವೂ ಹಾಗೆಯೇ ಉಳಿದಿರುತ್ತದೆ. ತಗ್ಗಿದ ಕಾರು ತಿರುವಿನಲ್ಲಿ ಚೆನ್ನಾಗಿ ಅನ್ನಿಸಿದರೆ ಅದಕ್ಕೆ ಮುಖ್ಯ ಕಾರಣ ಭಾರದ ಕೇಂದ್ರ ಕೆಳಗಿಳಿದದ್ದು. ಎರಡೂ ಗುಣಗಳನ್ನು ಒಂದರಲ್ಲೇ ಸೇರಿಸಿದ ಸ್ಪಿಂಡಲುಗಳೂ ಸಿಗುತ್ತವೆ. ವಿವರಣೆಯಲ್ಲಿ ಎರಡು ಅಳತೆಗಳನ್ನೂ, ಎಷ್ಟು ಎತ್ತರ ಮತ್ತು ಎಷ್ಟು ತಗ್ಗು ಎಂದು, ಬೇರೆಬೇರೆಯಾಗಿ ಕೊಟ್ಟಿರದಿದ್ದರೆ ಕೇಳಿ ತಿಳಿದುಕೊಳ್ಳಬೇಕು.

ಎತ್ತರದ ಸ್ಪಿಂಡಲ್ ಹಾಕಿದಾಗ ಮತ್ತೊಂದು ತೊಡಕು ಬರುತ್ತದೆ. ಇಳಿಜಾರಾಗಿದ್ದ ಮೇಲಿನ ಆರ್ಮ್ ಮಟ್ಟಸವಾದಾಗ ಅದರ ತುದಿ ಹೊರಕ್ಕೆ ಸರಿಯುವುದರಿಂದ, ಕಾರು ನಿಂತಲ್ಲೇ ಚಕ್ರ ಹೊರಕ್ಕೆ ವಾಲಿಬಿಡುತ್ತದೆ. ಅದನ್ನು ಸರಿಪಡಿಸಲು ಗಿಡ್ಡವಾದ ಮೇಲಿನ ಆರ್ಮ್ ಬೇಕು. ಹೀಗಾಗಿ ಎತ್ತರದ ಸ್ಪಿಂಡಲಿನ ಬೆಲೆಯನ್ನು ಲೆಕ್ಕ ಹಾಕುವಾಗ ಒಂದು ಜೊತೆ ಮೇಲಿನ ಆರ್ಮುಗಳ ಬೆಲೆಯನ್ನೂ ಸೇರಿಸಿಕೊಳ್ಳುವುದು ಒಳ್ಳೆಯದು. ಸ್ಪಿಂಡಲ್ ಬದಲಿಸದೆ, ಕುತ್ತಿಗೆ ಉದ್ದವಿರುವ ಬಾಲ್ ಜಾಯಿಂಟ್ ಹಾಕಿ ಇದೇ ಫಲದ ಒಂದು ಪಾಲನ್ನು ಪಡೆಯುವ ದಾರಿಯೂ ಇದೆ. ದಿನಬಳಕೆಯ ಓಡಾಟಕ್ಕೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

## ಟೈ ರಾಡಿನ ತಕರಾರು

ಟೈ ರಾಡ್ ಕೂಡ ಒಂದು ಗಡಿಯಾರದ ಮುಳ್ಳೇ. ಚಕ್ರ ಮೇಲೆ ಕೆಳಗೆ ಆಡುವಾಗ ಅದರ ತುದಿ ತನ್ನದೇ ಕಮಾನಿನಲ್ಲಿ ಚಲಿಸುತ್ತದೆ. ಆ ಕಮಾನು ಕಂಟ್ರೋಲ್ ಆರ್ಮುಗಳ ಕಮಾನಿಗೆ ಹೊಂದಿಕೊಂಡಿದ್ದರೆ ಚಕ್ರ ನೇರವಾಗಿಯೇ ಏರಿಳಿಯುತ್ತದೆ. ಹೊಂದದಿದ್ದರೆ ಟೈ ರಾಡ್ ಚಕ್ರವನ್ನು ಎಳೆಯುತ್ತದೆ ಅಥವಾ ತಳ್ಳುತ್ತದೆ, ಚಾಲಕನ ಕೈ ಅಲುಗದಿದ್ದರೂ ಚಕ್ರ ತಿರುಗುತ್ತದೆ. ಇದಕ್ಕೆ ಬಂಪ್ ಸ್ಟಿಯರ್ ಎಂದು ಹೆಸರು.

ಇದಕ್ಕೆ ಪ್ರಸಿದ್ಧ ಉದಾಹರಣೆಯೆಂದರೆ ಶೆವೆಲ್ ಕಾರಿಗೆ 1977ರ ನಂತರದ ಇಂಪಾಲಾ, ಕಪ್ರೀಸ್ ಕಾರುಗಳ ಸ್ಪಿಂಡಲ್ ಹಾಕುವ ಪದ್ಧತಿ. ಹಳೆಯ ಸಾಮಾನಿನ ಅಂಗಳದಲ್ಲಿ ಅಗ್ಗವಾಗಿ ಸಿಗುತ್ತಿದ್ದ ಈ ಸ್ಪಿಂಡಲ್ ಮೂಲದ್ದಕ್ಕಿಂತ ಎತ್ತರ; ಕೆಲವು ಮಾದರಿಗಳಲ್ಲಿ ಹನ್ನೆರಡು ಅಂಗುಲದ ಡಿಸ್ಕ್ ಕೂಡ ಜೊತೆಗೇ ಬರುತ್ತಿತ್ತು. ಒಂದೇ ಏಟಿಗೆ ಕ್ಯಾಂಬರೂ ಬ್ರೇಕೂ ಸುಧಾರಿಸಿದವು. ಆದರೆ ಸ್ಟೀರಿಂಗ್ ಆರ್ಮ್ ಕೂರುವ ಸ್ಥಾನ ಶೆವೆಲ್‌ಗೆ ಹೊಂದುವಂಥದ್ದಲ್ಲವಾದ್ದರಿಂದ ಬಂಪ್ ಸ್ಟಿಯರ್ ಹೆಚ್ಚಾಯಿತು. ನುಣುಪಾದ ರಸ್ತೆಯಲ್ಲಿ ಇದು ಗೊತ್ತೇ ಆಗದಿರಬಹುದು, ಆದರೆ ವೇಗದ ತಿರುವಿನ ನಡುವೆ ಒಂದು ಉಬ್ಬು ಸಿಕ್ಕರೆ ಗೊತ್ತಾಗದೆ ಇರುವುದಿಲ್ಲ. ಇಂದು ಮಾರುವ ಒಳ್ಳೆಯ ಎತ್ತರದ ಸ್ಪಿಂಡಲುಗಳು ಈ ಸ್ಥಾನವನ್ನು ಸರಿಪಡಿಸಿಯೇ ಬರುತ್ತವೆ. ಕೊಳ್ಳುವವರು ತಯಾರಕರನ್ನು ಕೇಳಬೇಕಾದ ಪ್ರಶ್ನೆ ನಿರ್ದಿಷ್ಟವಾಗಿರಲಿ: ಚಕ್ರ ಒಂದು ಅಂಗುಲ ಮೇಲೇರಿದಾಗ ಮತ್ತು ಒಂದು ಅಂಗುಲ ಕೆಳಗಿಳಿದಾಗ ಟೋ, ಅಂದರೆ ಚಕ್ರದ ಮೂತಿಯ ದಿಕ್ಕು, ಎಷ್ಟು ಬದಲಾಗುತ್ತದೆ?

## ಫೋರ್ಡ್ ಮತ್ತು ಕ್ರೈಸ್ಲರ್ ಕಾರುಗಳಲ್ಲಿ

ಮೇಲಿನ ವಿವರಣೆ ಜನರಲ್ ಮೋಟಾರ್ಸ್ ಕಾರುಗಳನ್ನು ಮುಂದಿಟ್ಟುಕೊಂಡದ್ದು. ಮಸ್ಟಾಂಗ್‌ನಲ್ಲಿ ಇದೇ ಕ್ಯಾಂಬರ್ ದೋಷಕ್ಕೆ ಬೇರೆ ಮದ್ದು ಕಂಡುಕೊಂಡರು. ಫೋರ್ಡ್‌ನ ಸಸ್ಪೆನ್ಷನ್ ಎಂಜಿನಿಯರ್ ಕ್ಲಾಸ್ ಆರ್ನಿಂಗ್ ಅವರ ಲೆಕ್ಕದಂತೆ ಮೇಲಿನ ಆರ್ಮ್ ಚಾಸಿಗೆ ಸೇರುವ ತೂತುಗಳನ್ನೇ ಒಂದು ಅಂಗುಲ ಕೆಳಗೆ ಕೊರೆಯಲಾಯಿತು, 1965ರ ಶೆಲ್ಬಿ ಜಿಟಿ350 ಹಾಗೆಯೇ ಬಂತು. ಹೊರತುದಿಯನ್ನು ಎತ್ತುವ ಬದಲು ಒಳತುದಿಯನ್ನು ಇಳಿಸಿದರೂ ಮುಳ್ಳಿನ ಓರೆ ಬದಲಾಗುತ್ತದೆಯಲ್ಲವೇ? ಸ್ಪಿಂಡಲಿಗೆ ಕೈಹಾಕದೆ, ಒಂದು ಡ್ರಿಲ್ ಮತ್ತು ಅಳತೆಯ ಅಚ್ಚಿನಿಂದ ಆಗುವ ಈ ಕೆಲಸ ಇಂದಿಗೂ ಮಸ್ಟಾಂಗ್ ಮಾಲೀಕರು ಮಾಡುವ ಅತ್ಯಂತ ಅಗ್ಗದ ಸುಧಾರಣೆ. ಬ್ರೇಕಿಗಾಗಿ ಅವರು 1970ರ ದಶಕದ ಉತ್ತರಾರ್ಧದ ಫೋರ್ಡ್ ಗ್ರನಾಡಾ ಕಾರಿನ ಡಿಸ್ಕ್ ಬ್ರೇಕಿನ ಸ್ಪಿಂಡಲನ್ನು ಬಳಸುವುದುಂಟು. ಕ್ರೈಸ್ಲರ್ ಕಾರುಗಳ ಮುಂಭಾಗದಲ್ಲಿ ಸುರುಳಿ ಸ್ಪ್ರಿಂಗಿನ ಬದಲು ತಿರುಚುವ ಸರಳು, ಅಂದರೆ ಟಾರ್ಷನ್ ಬಾರ್, ಇರುತ್ತದೆ. ಎತ್ತರವನ್ನು ಒಂದು ಬೋಲ್ಟ್ ತಿರುಗಿಸಿ ಹೊಂದಿಸಬಹುದಾದ್ದರಿಂದ ಕಾರನ್ನು ತುಸು ಇಳಿಸುವುದೊಂದೇ ಉದ್ದೇಶವಾದರೆ ತಗ್ಗಿಸುವ ಸ್ಪಿಂಡಲ್ ಅಲ್ಲಿ ಅಷ್ಟು ಅಗತ್ಯವಲ್ಲ.

## ಬ್ರೇಕು ಮಾಡುವ ಕೆಲಸ: ಬಿಸಿಯ ಲೆಕ್ಕ

ಬ್ರೇಕು ಕಾರಿನ ಚಲನೆಯ ಶಕ್ತಿಯನ್ನು ಬಿಸಿಯಾಗಿ ಪರಿವರ್ತಿಸುತ್ತದೆ. 1,600 ಕಿಲೋ ತೂಕದ ಕಾರು ಗಂಟೆಗೆ 100 ಕಿಲೋಮೀಟರ್ ವೇಗದಿಂದ ಪೂರ್ತಿ ನಿಂತಾಗ ಸುಮಾರು 617 ಕಿಲೋಜೂಲ್ ಬಿಸಿ ಹುಟ್ಟುತ್ತದೆ. ಮನೆಯ ಮಾತಿನಲ್ಲಿ ಹೇಳುವುದಾದರೆ, ಎರಡು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಬೇಕಾದಷ್ಟು ಬಿಸಿ ಕೆಲವೇ ಸೆಕೆಂಡುಗಳಲ್ಲಿ ನಾಲ್ಕು ಚಕ್ರಗಳೊಳಗೆ ಸೇರುತ್ತದೆ. ವೇಗ ದುಪ್ಪಟ್ಟಾದರೆ ಈ ಬಿಸಿ ನಾಲ್ಕು ಪಟ್ಟಾಗುತ್ತದೆ. ಅದರ ಮುಕ್ಕಾಲು ಪಾಲಿನಷ್ಟು ಮುಂದಿನ ಎರಡು ಚಕ್ರಗಳ ಪಾಲಿಗೆ ಬರುತ್ತದೆ, ಏಕೆಂದರೆ ಬ್ರೇಕು ಒತ್ತಿದಾಗ ಭಾರ ಮುಂದಕ್ಕೆ ಸರಿಯುತ್ತದೆ. ನಿಂತ ಬಸ್ಸು ಹೊರಟಾಗ ಹಿಂದಕ್ಕೂ ಬ್ರೇಕು ಹಾಕಿದಾಗ ಮುಂದಕ್ಕೂ ತೂಗುವ ಪ್ರಯಾಣಿಕರ ಹಾಗೆ.

ಘಾಟಿ ಇಳಿಯುವಾಗ ಹಳೆಯ ಅಂಬಾಸಡರ್ ಕಾರಿನಿಂದ ಬರುತ್ತಿದ್ದ ಸುಟ್ಟ ವಾಸನೆ ಬಲ್ಲವರಿಗೆ ಡ್ರಮ್ ಬ್ರೇಕಿನ ದೌರ್ಬಲ್ಯವನ್ನು ಬಿಡಿಸಿ ಹೇಳಬೇಕಿಲ್ಲ. ಡ್ರಮ್ಮಿನೊಳಗೆ ಶೂಗಳು, ಅಂದರೆ ಉಜ್ಜಿ ತಡೆಯುವ ಬಾಗಿದ ಪಟ್ಟಿಗಳು, ಹೊರಮುಖವಾಗಿ ಒತ್ತುತ್ತವೆ. ಬಿಸಿಯಾದ ಡ್ರಮ್ ಹಿಗ್ಗಿದಾಗ ಅದು ಶೂಗಳಿಂದ ದೂರ ಸರಿಯುತ್ತದೆ, ಪೆಡಲ್ ಕೆಳಗಿಳಿಯುತ್ತ ಹೋಗುತ್ತದೆ. ಮುಚ್ಚಿದ ಡಬ್ಬಿಯಾದ್ದರಿಂದ ಬಿಸಿ ಬೇಗ ಹೊರಹೋಗುವುದಿಲ್ಲ. ಡಿಸ್ಕ್ ತೆರೆದ ಗಾಳಿಯಲ್ಲಿ ತಿರುಗುತ್ತದೆ, ಬಿಸಿಗೆ ಹಿಗ್ಗಿದರೂ ಪ್ಯಾಡುಗಳ ಕಡೆಗೇ ಹಿಗ್ಗುತ್ತದೆ. ಹತ್ತು ಕಿಲೋ ತೂಕದ ಕಬ್ಬಿಣದ ಡಿಸ್ಕ್ ಮೇಲೆ ಹೇಳಿದಂಥ ಒಂದು ನಿಲುಗಡೆಗೆ ಸುಮಾರು ಐವತ್ತು ಡಿಗ್ರಿಯಷ್ಟು ಬಿಸಿಯೇರುತ್ತದೆ, ಏಳು ಕಿಲೋದ್ದು ಎಪ್ಪತ್ತರ ಹತ್ತಿರ. ಒಂದೇ ನಿಲುಗಡೆಯಲ್ಲಿ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ, ಬೆಟ್ಟದ ದಾರಿಯಲ್ಲೋ ರೇಸ್ ಟ್ರ್ಯಾಕಿನಲ್ಲೋ ಹತ್ತು ಬಾರಿ ಬೆನ್ನುಬೆನ್ನಿಗೆ ಒತ್ತಿದಾಗ ಲೆಕ್ಕಕ್ಕೆ ಬರುತ್ತದೆ.

ಇಲ್ಲಿಂದ ಒಂದು ಮುಖ್ಯ ತಿಳಿವಳಿಕೆ ಹೊರಡುತ್ತದೆ. ಕಾರನ್ನು ಕೊನೆಗೂ ನಿಲ್ಲಿಸುವುದು ಟೈರು. ಈಗಿರುವ ಬ್ರೇಕು ಚಕ್ರಗಳನ್ನು ಲಾಕ್ ಮಾಡುವಷ್ಟು ಬಲವಾಗಿದ್ದರೆ, ಇನ್ನೂ ದೊಡ್ಡ ಡಿಸ್ಕ್ ಹಾಕಿದ ಮಾತ್ರಕ್ಕೆ ಒಂದು ಬಾರಿಯ ನಿಲುಗಡೆಯ ದೂರ ಕಡಿಮೆಯಾಗುವುದಿಲ್ಲ. ಕಡಿಮೆಯಾಗಬೇಕಾದರೆ ಟೈರು ಬದಲಾಗಬೇಕು. ದೊಡ್ಡ ಡಿಸ್ಕ್ ಕೊಡುವುದು ಹತ್ತನೆಯ ನಿಲುಗಡೆಯೂ ಮೊದಲನೆಯದರಂತೆಯೇ ಇರುತ್ತದೆ ಎಂಬ ಭರವಸೆಯನ್ನು. ವಾರಾಂತ್ಯಕ್ಕೊಮ್ಮೆ ಊರೊಳಗೆ ಓಡಿಸುವವರಿಗೆ ಹನ್ನೊಂದು ಅಥವಾ ಹನ್ನೆರಡು ಅಂಗುಲದ ಮುಂದಿನ ಡಿಸ್ಕ್ ಧಾರಾಳವಾಗಿ ಸಾಕು ಎಂಬುದು ಇದರಿಂದಲೇ ತಿಳಿಯುತ್ತದೆ.

## ಪಿಸ್ಟನ್ ಎಷ್ಟಿವೆ ಎಂಬುದಕ್ಕಿಂತ ಎಷ್ಟು ದೊಡ್ಡವು

ಕ್ಯಾಲಿಪರ್ ಎಂಬುದು ಡಿಸ್ಕಿನ ಎರಡೂ ಬದಿಯಿಂದ ಪ್ಯಾಡುಗಳನ್ನು ಒತ್ತುವ ಚಿಮ್ಮಟ. ಇದರಲ್ಲಿ ಎರಡು ಬಗೆ. ಸರಿಯುವ ಕ್ಯಾಲಿಪರಿನಲ್ಲಿ ಒಂದೇ ಬದಿಗೆ ಪಿಸ್ಟನ್ ಇದ್ದು, ಅದು ಒಳಪ್ಯಾಡನ್ನು ತಳ್ಳಿದಾಗ ಕ್ಯಾಲಿಪರಿನ ಮೈ ಹಿಂದಕ್ಕೆ ಸರಿದು ಹೊರಪ್ಯಾಡನ್ನು ಎಳೆದು ಒತ್ತುತ್ತದೆ. ಕದಲದ ಕ್ಯಾಲಿಪರಿನಲ್ಲಿ ಎರಡೂ ಬದಿಗೆ ಪಿಸ್ಟನ್‌ಗಳಿರುತ್ತವೆ. ಒತ್ತುವ ಬಲವನ್ನು ಹೋಲಿಸುವಾಗ ಎರಡರಲ್ಲಿಯೂ ಒಂದು ಬದಿಯ ಪಿಸ್ಟನ್‌ಗಳ ವಿಸ್ತೀರ್ಣವನ್ನಷ್ಟೇ ಹಿಡಿಯಬೇಕು.

ಈಗ ಲೆಕ್ಕ ಹಾಕೋಣ. 1969ರ ನಂತರ ಜನರಲ್ ಮೋಟಾರ್ಸ್ ಬಳಸಿದ ಸಾಮಾನ್ಯ ಸರಿಯುವ ಕ್ಯಾಲಿಪರಿನ ಒಂದೇ ಪಿಸ್ಟನ್ನಿನ ವ್ಯಾಸ 2.94 ಅಂಗುಲ, ವಿಸ್ತೀರ್ಣ ಸುಮಾರು 6.8 ಚದರ ಅಂಗುಲ. 1.75 ಅಂಗುಲ ವ್ಯಾಸದ ನಾಲ್ಕು ಪಿಸ್ಟನ್‌ಗಳಿರುವ, ನೋಡಲು ಸೊಗಸಾದ ಅಲ್ಯೂಮಿನಿಯಮ್ ಕ್ಯಾಲಿಪರಿನಲ್ಲಿ ಒಂದು ಬದಿಯ ಎರಡು ಪಿಸ್ಟನ್‌ಗಳ ವಿಸ್ತೀರ್ಣ ಸುಮಾರು 4.8 ಚದರ ಅಂಗುಲ. ಅಂದರೆ ಪೆಡಲ್ಲೂ ಮಾಸ್ಟರ್ ಸಿಲಿಂಡರೂ ಹಾಗೆಯೇ ಇದ್ದರೆ ಹೊಸ ಕ್ಯಾಲಿಪರ್ ಹಳೆಯದಕ್ಕಿಂತ ಶೇಕಡ 29ರಷ್ಟು ಕಡಿಮೆ ಬಲದಿಂದ ಒತ್ತುತ್ತದೆ! ದುಬಾರಿ ಬ್ರೇಕು ಹಾಕಿಸಿದ ಮೇಲೆ ಪೆಡಲ್ ಕಲ್ಲಿನಂತಾಯಿತು ಎಂದು ದೂರುವವರ ಸಮಸ್ಯೆಯ ಮೂಲ ಹಲವು ಸಲ ಈ ಲೆಕ್ಕದಲ್ಲಿದೆ. ಡಿಸ್ಕ್ ಹನ್ನೊಂದು ಅಂಗುಲದಿಂದ ಹದಿಮೂರಕ್ಕೆ ದೊಡ್ಡದಾದರೆ, ಪ್ಯಾಡು ಹಿಡಿಯುವ ಜಾಗ ನಡುವಿನಿಂದ ದೂರವಾಗಿ ಸುಮಾರು ಐದನೇ ಒಂದು ಪಾಲು ಮರಳಿ ಬರುತ್ತದೆ. ಉದ್ದ ಹಿಡಿಕೆಯ ಪಾನದಿಂದ ನಟ್ಟು ಸುಲಭವಾಗಿ ಬಿಚ್ಚುವ ಹಾಗೆ. ಉಳಿದದ್ದನ್ನು ಮಾಸ್ಟರ್ ಸಿಲಿಂಡರಿನಿಂದ ತುಂಬಿಕೊಳ್ಳಬೇಕು.

ಹಾಗಾದರೆ ಹೆಚ್ಚು ಪಿಸ್ಟನ್‌ಗಳಿಂದ ಲಾಭವೇ ಇಲ್ಲವೆ? ಇದೆ. ಉದ್ದವಾದ ಪ್ಯಾಡನ್ನು ಅವು ಸಮನಾಗಿ ಒತ್ತುತ್ತವೆ, ಅಲ್ಯೂಮಿನಿಯಮ್ ಮೈಯಿಂದ ಚಕ್ರದ ಬಳಿಯ ತೂಕ ಇಳಿಯುತ್ತದೆ, ಪೆಡಲ್ ಮೇಲಿನ ಹತೋಟಿ ನಯವಾಗುತ್ತದೆ.

## ಪೆಡಲ್‌ನಿಂದ ಪ್ಯಾಡಿನವರೆಗೆ

ಕಾಲಿನ ಬಲ ಪ್ಯಾಡಿಗೆ ತಲುಪುವ ದಾರಿಯಲ್ಲಿ ಮೂರು ಹಂತಗಳಿವೆ. ಮೊದಲನೆಯದು ಪೆಡಲ್ಲಿನ ಸನ್ನೆ. ಕಾಲಿನ ಬಲಕ್ಕೆ ನೆರವು ಕೊಡುವ ಬೂಸ್ಟರ್ ಇಲ್ಲದ ಕಾರುಗಳಲ್ಲಿ ಇದು ಸುಮಾರು ಆರು ಪಟ್ಟು, ಬೂಸ್ಟರ್ ಇರುವಲ್ಲಿ ಸುಮಾರು ನಾಲ್ಕು ಪಟ್ಟು. ಶೆವೆಲ್ ಮೊದಲಾದ ಕಾರುಗಳ ಪೆಡಲ್ ತೋಳಿನಲ್ಲಿ ಎರಡು ತೂತುಗಳಿರುವುದು ಇದಕ್ಕಾಗಿಯೇ: ಮೇಲಿನದು ಬೂಸ್ಟರ್ ಇಲ್ಲದ್ದಕ್ಕೆ, ಕೆಳಗಿನದು ಬೂಸ್ಟರ್ ಇರುವುದಕ್ಕೆ.

ಎರಡನೆಯದು ಮಾಸ್ಟರ್ ಸಿಲಿಂಡರಿನ ಒಳವ್ಯಾಸ. ಇದರ ನಿಯಮ ಮೊದಲ ನೋಟಕ್ಕೆ ತಲೆಕೆಳಗಾಗಿ ಕಾಣುತ್ತದೆ, ವ್ಯಾಸ ಕಿರಿದಾದಷ್ಟು ಒತ್ತಡ ಹೆಚ್ಚು. ಅಗಲವಾದ ಚಪ್ಪಲಿಗಿಂತ ಮೊನಚಾದ ಹಿಮ್ಮಡಿ ಮಣ್ಣಿನಲ್ಲಿ ಆಳಕ್ಕೆ ಇಳಿಯುವ ಹಾಗೆ. ಮೂವತ್ತು ಕಿಲೋ ಬಲದಿಂದ ಒತ್ತಿದ ಪೆಡಲ್ ಆರು ಪಟ್ಟಾಗಿ 180 ಕಿಲೋ ಆಗಿ, ಒಂದು ಅಂಗುಲದ ಸಿಲಿಂಡರಿನಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 35 ಕಿಲೋ ಒತ್ತಡ ಹುಟ್ಟಿಸುತ್ತದೆ, 1.125 ಅಂಗುಲದ್ದರಲ್ಲಿ 28 ಮಾತ್ರ. ಆದರೆ ಕಿರಿದಾದ ಸಿಲಿಂಡರ್ ಒಂದು ಒತ್ತಿಗೆ ಕಡಿಮೆ ಎಣ್ಣೆ ಕಳಿಸುವುದರಿಂದ ಪೆಡಲ್ ಹೆಚ್ಚು ದೂರ ಇಳಿಯುತ್ತದೆ. ಹಿಂದಿನ ಉದಾಹರಣೆಯ ಸಣ್ಣ ಪಿಸ್ಟನ್ನಿನ ಕ್ಯಾಲಿಪರಿಗೆ ಎಣ್ಣೆಯೂ ಕಡಿಮೆ ಸಾಕಾದ್ದರಿಂದ, 1.125 ಅಂಗುಲದ ಜಾಗದಲ್ಲಿ ಸುಮಾರು 15/16 ಅಂಗುಲದ ಸಿಲಿಂಡರ್ ಹಾಕಿದರೆ ಬಲವೂ ಪೆಡಲ್ಲಿನ ಓಟವೂ ಮೊದಲಿನ ಮಟ್ಟಕ್ಕೆ ಬರುತ್ತವೆ.

ಮೂರನೆಯದು ಬೂಸ್ಟರ್. ಡ್ರಮ್ ಬ್ರೇಕಿನ ಮುಂದಿನ ಶೂವನ್ನು ತಿರುಗುವ ಡ್ರಮ್ಮೇ ಒಳಕ್ಕೆಳೆದುಕೊಳ್ಳುವುದರಿಂದ ಅದಕ್ಕೆ ಕಾಲಿನ ಬಲ ಕಡಿಮೆ ಸಾಕು. ಡಿಸ್ಕಿಗೆ ಆ ಸಹಾಯವಿಲ್ಲ. ಬೂಸ್ಟರ್ ಇಲ್ಲದ ಡ್ರಮ್ ಕಾರಿಗೆ ಡಿಸ್ಕ್ ಮಾತ್ರ ಹಾಕಿ ಬಿಟ್ಟರೆ ಪೆಡಲ್ ಬಿಗಿಯಾಗುವುದು ಇದರಿಂದ. ಸಾಮಾನ್ಯ ಬೂಸ್ಟರ್ ಎಂಜಿನ್ನಿನ ನಿರ್ವಾತವನ್ನು ಬಳಸುತ್ತದೆ. ರೇಸಿಗೆಂದು ದೊಡ್ಡ ಕ್ಯಾಮ್‌ಶಾಫ್ಟ್ (ಎಂಜಿನ್ನಿನ ಕವಾಟಗಳನ್ನು ತೆರೆಯುವ ದಂಡ) ಹಾಕಿಸಿದ ಎಂಜಿನ್ ನಿಧಾನವಾಗಿ ತಿರುಗುವಾಗ ನಿರ್ವಾತ ಸಾಲದೆ, ಸಿಗ್ನಲ್ ಬಳಿ ನಿಂತಾಗಲೇ ಬ್ರೇಕಿನ ನೆರವು ಕೈಕೊಡುತ್ತದೆ. ಅಂಥಲ್ಲಿ ಪವರ್ ಸ್ಟೀರಿಂಗ್ ಪಂಪಿನ ಒತ್ತಡದಿಂದ ಕೆಲಸ ಮಾಡುವ ಹೈಡ್ರೋಬೂಸ್ಟ್ ಬಳಸುತ್ತಾರೆ.

ಇದರ ಜೊತೆಗೆ ಒಂದು ಸಣ್ಣ ಕವಾಟದ ವಿಚಾರ. ಡ್ರಮ್ ಕಾರಿನ ಮಾಸ್ಟರ್ ಸಿಲಿಂಡರಿನೊಳಗೆ ಸುಮಾರು ಹತ್ತು ಪಿಎಸ್‌ಐ (ಚದರ ಅಂಗುಲಕ್ಕೆ ಹತ್ತು ಪೌಂಡ್) ಒತ್ತಡವನ್ನು ಕೊಳವೆಯಲ್ಲೇ ಹಿಡಿದಿಡುವ ಕವಾಟ ಇರುತ್ತದೆ. ಡಿಸ್ಕಿಗೆ ಹೋಗುವ ಕೊಳವೆಯಲ್ಲಿ ಅದು ಉಳಿದರೆ ಕಾಲು ತೆಗೆದ ಮೇಲೂ ಪ್ಯಾಡು ಉಜ್ಜುತ್ತ, ಡಿಸ್ಕ್ ಬಿಸಿಯಾಗುತ್ತಲೇ ಇರುತ್ತದೆ.

## ಹಿಂದಿನ ಚಕ್ರಗಳು

ಬ್ರೇಕು ಒತ್ತಿದಾಗ ಹಿಂದಿನ ಚಕ್ರಗಳು ಹಗುರವಾಗುವುದರಿಂದ ಅವು ಮುಂದಿನವುಗಳಿಗಿಂತ ಮೊದಲು ಲಾಕ್ ಆದರೆ ಕಾರು ಬುಗುರಿಯಂತೆ ತಿರುಗಿಬಿಡುತ್ತದೆ. ಹಿಂದಕ್ಕೆ ಹೋಗುವ ಒತ್ತಡ ಒಂದು ಮಟ್ಟ ದಾಟಿದ ಮೇಲೆ ಅದು ಏರುವ ವೇಗವನ್ನು ತಗ್ಗಿಸುವ ಪ್ರಪೋರ್ಷನಿಂಗ್ ಕವಾಟ ಇರುವುದು ಇದಕ್ಕಾಗಿ. ಮುಂದಿನ ಬ್ರೇಕು, ಟೈರು, ಕಾರಿನ ಎತ್ತರ ಎಲ್ಲವೂ ಬದಲಾದಾಗ ಕಾರ್ಖಾನೆಯ ಕವಾಟದ ಲೆಕ್ಕ ತಪ್ಪುತ್ತದೆ, ಕೈಯಿಂದ ಹೊಂದಿಸಬಲ್ಲ ಕವಾಟ ಹಾಕುವುದು ಸರಿಯಾದ ದಾರಿ. ಹಿಂದಕ್ಕೂ ಡಿಸ್ಕ್ ಬೇಕೆ ಎಂಬ ಪ್ರಶ್ನೆಗೆ, ರಸ್ತೆಯ ಓಡಾಟಕ್ಕೆ ಒಳ್ಳೆಯ ಸ್ಥಿತಿಯ ಡ್ರಮ್ ಸಾಕು ಎಂದೇ ಹೇಳಬೇಕಾಗುತ್ತದೆ; ಕೈಬ್ರೇಕಿನ ಜೋಡಣೆಯೂ ಅದರಲ್ಲಿ ಸರಳ.

## ರಿಮ್ಮಿನೊಳಗಿನ ಜಾಗ ಮತ್ತು ಲೋಹದ ಗುಣ

ಈ ಕಾರುಗಳಲ್ಲಿ ಹೆಚ್ಚಿನವು ಕಾರ್ಖಾನೆಯಿಂದ ಹದಿನಾಲ್ಕು ಅಂಗುಲದ ಚಕ್ರಗಳೊಡನೆ ಬಂದವು. ಹದಿಮೂರು ಅಂಗುಲದ ಡಿಸ್ಕಿಗೆ ಸಾಮಾನ್ಯವಾಗಿ ಹದಿನೇಳು ಅಂಗುಲದ ಚಕ್ರ ಬೇಕು, ಹದಿನಾಲ್ಕರ ಡಿಸ್ಕಿಗೆ ಹದಿನೆಂಟು. ವ್ಯಾಸ ಹೊಂದಿದರೂ ಚಕ್ರದ ಕಡ್ಡಿಗಳ ಬೆನ್ನಿಗೆ ಕ್ಯಾಲಿಪರ್ ತಾಗಬಹುದು. ಬ್ರೇಕು ತಯಾರಕರು ಕೊಡುವ ಅಳತೆಯ ನಕ್ಷೆಯನ್ನು ರಟ್ಟಿನ ಮೇಲೆ ಅಂಟಿಸಿ ಕತ್ತರಿಸಿ, ಚಕ್ರದೊಳಗೆ ಇಟ್ಟು ನೋಡುವುದು ಹತ್ತು ನಿಮಿಷದ ಕೆಲಸ. ಕೆಲವು ಕಿಟ್‌ಗಳ ಹಬ್ ಚಕ್ರವನ್ನು ಕಾಲು ಅಂಗುಲ ಅಥವಾ ಅದಕ್ಕೂ ಹೆಚ್ಚು ಹೊರಕ್ಕೆ ತಳ್ಳುತ್ತದೆ. ಆಗ ಟೈರು ಮಡ್‌ಗಾರ್ಡಿಗೆ ಉಜ್ಜುವುದಲ್ಲದೆ, ಬಾಲ್ ಜಾಯಿಂಟುಗಳ ರೇಖೆ ನೆಲ ಮುಟ್ಟುವ ಬಿಂದುವಿನಿಂದ ಟೈರಿನ ನಡುವು ದೂರವಾಗಿ ಸ್ಟೀರಿಂಗ್ ಭಾರವಾಗುತ್ತದೆ. ತಗ್ಗಿಸುವ ಸ್ಪಿಂಡಲಿನಲ್ಲಿ ಕೆಳಗಿನ ಬಾಲ್ ಜಾಯಿಂಟ್ ರಿಮ್ಮಿಗೆ ಎರಡು ಅಂಗುಲ ಹತ್ತಿರ ಬರುವುದನ್ನೂ ಮರೆಯಬಾರದು. ಬೋಲ್ಟ್ ಅಳತೆಯೂ ಒಂದೇ ಅಲ್ಲ: ಶೆವೆಲ್, ಕಮಾರೋಗಳಿಗೆ ಐದು ಬೋಲ್ಟುಗಳ ವೃತ್ತ 4.75 ಅಂಗುಲ, ವಿ8 ಮಸ್ಟಾಂಗ್‌ಗೆ 4.5.

ಸ್ಪಿಂಡಲಿನ ಲೋಹದ ವಿಷಯದಲ್ಲಿ ಕಾಯಿಸಿ ಬಡಿದು ಮಾಡಿದ ಉಕ್ಕು, ಎರಕದ ಡಕ್ಟೈಲ್ ಕಬ್ಬಿಣ, ಬಡಿದ ಅಲ್ಯೂಮಿನಿಯಮ್ ಎಂಬ ಮುಖ್ಯ ಬಗೆಗಳಿವೆ, ಸರಿಯಾಗಿ ಮಾಡಿದರೆ ಎಲ್ಲವೂ ಬಾಳುತ್ತವೆ. ಅಲ್ಯೂಮಿನಿಯಮ್‌ನವು ಹಲವು ಸಲ 1997ರ ನಂತರದ ಕಾರ್ವೆಟ್ ಕಾರಿನ, ಬೇರಿಂಗ್ ಒಳಗೇ ಮುಚ್ಚಿರುವ ಹಬ್ಬನ್ನು ಬಳಸುತ್ತವೆ. ಗ್ರೀಸ್ ತುಂಬುವ, ಬಿಗಿತ ಹೊಂದಿಸುವ ಕೆಲಸ ಅದರಲ್ಲಿಲ್ಲ. ಯಾವುದೇ ಆಗಲಿ, ಬಾಲ್ ಜಾಯಿಂಟಿನ ಮೊನೆ ಕೂರುವ ಶಂಕುವಿನಾಕಾರದ ತೂತಿನ ಓರೆ ಕರಾರುವಾಕ್ಕಾಗಿರಬೇಕು. ಮೊನೆಗೆ ತೆಳುವಾಗಿ ಬಣ್ಣ ಬಳಿದು, ತೂತಿಗೆ ಒತ್ತಿ ತಿರುಗಿಸಿ ತೆಗೆದಾಗ ಗುರುತು ಸುತ್ತಲೂ ಸಮನಾಗಿ ಮೂಡದಿದ್ದರೆ ಆ ತುಂಡನ್ನು ಹಿಂದಿರುಗಿಸುವುದೇ ಸರಿ. ತುದಿಯಲ್ಲಷ್ಟೇ ತಾಗುವ ಮೊನೆ ದಿನ ಕಳೆದಂತೆ ಆಡತೊಡಗಿ ಮುರಿಯುವ ಅಪಾಯವಿದೆ.

## ಜೋಡಿಸಿದ ಮೇಲೆ

ಮೊದಲು ಚಕ್ರವನ್ನು ನೆಲದಿಂದ ಎತ್ತಿ, ಸ್ಟೀರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಸಸ್ಪೆನ್ಷನ್ನನ್ನು ಮೇಲೆ ಕೆಳಗೆ ಆಡಿಸಿ ಬ್ರೇಕಿನ ರಬ್ಬರ್ ಕೊಳವೆ ಎಲ್ಲಿಯೂ ಬಿಗಿಯುವುದಿಲ್ಲ, ಉಜ್ಜುವುದಿಲ್ಲ ಎಂದು ಖಚಿತಪಡಿಸಿಕೊಳ್ಳಬೇಕು. ಬ್ರೇಕ್ ಆಯಿಲ್ ಡಾಟ್ 3 ಅಥವಾ ಡಾಟ್ 4 ಆಗಿರಬಹುದು. ಇವು ಗಾಳಿಯ ತೇವ ಹೀರುತ್ತವೆ, ಹೊಸ ಡಾಟ್ 4 ಕನಿಷ್ಠ 230 ಡಿಗ್ರಿಯವರೆಗೆ ಕುದಿಯದಿದ್ದರೆ ತೇವ ಹೀರಿದ್ದಕ್ಕೆ ನಿಗದಿಯಾದ ಕನಿಷ್ಠ ಮಟ್ಟ 155. ಸಿಲಿಕೋನ್ ಆಧಾರಿತ ಡಾಟ್ 5 ಅನ್ನು ಇವುಗಳೊಂದಿಗೆ ಬೆರೆಸಬಾರದು. ಅಲೈನ್‌ಮೆಂಟ್ ಮಾಡಿಸುವಾಗ 1960ರ ದಶಕದ ಕೈಪಿಡಿಯ ಅಂಕಿಗಳನ್ನು ಕೊಡುವಂತಿಲ್ಲ, ಅವು ಬಯಾಸ್ ಪ್ಲೈ ಟೈರಿನವು. ರೇಡಿಯಲ್ ಟೈರಿಗೆ ಅರ್ಧ ಡಿಗ್ರಿಯಷ್ಟು ಋಣ ಕ್ಯಾಂಬರ್, ಪವರ್ ಸ್ಟೀರಿಂಗ್ ಇದ್ದರೆ ನಾಲ್ಕೈದು ಡಿಗ್ರಿಯಷ್ಟು ಧನ ಕ್ಯಾಸ್ಟರ್, ಅಂದರೆ ಮೇಲಿನ ಬಾಲ್ ಜಾಯಿಂಟ್ ಕೆಳಗಿನದಕ್ಕಿಂತ ಹಿಂದಕ್ಕೆ ಇರುವ ಓರೆ, ರಸ್ತೆಯ ಬಳಕೆಗೆ ಒಳ್ಳೆಯ ಆರಂಭ.

ಹೊಸ ಪ್ಯಾಡುಗಳನ್ನು ತಯಾರಕರು ಹೇಳಿದ ಕ್ರಮದಲ್ಲಿ, ಮಧ್ಯಮ ವೇಗದಿಂದ ಹಲವು ಬಾರಿ ಪೂರ್ತಿ ನಿಲ್ಲಿಸದೆ ನಿಧಾನಗೊಳಿಸುತ್ತ ಪಳಗಿಸಿದ ನಂತರವೇ ಹಿಂದಿನ ಚಕ್ರಗಳ ಪ್ರಪೋರ್ಷನಿಂಗ್ ಕವಾಟವನ್ನು ಹೊಂದಿಸಬೇಕು. ಜನಸಂಚಾರವಿಲ್ಲದ, ಒಣಗಿದ, ಮಟ್ಟಸವಾದ ಜಾಗದಲ್ಲಿ ಗಂಟೆಗೆ ನಲವತ್ತು ಕಿಲೋಮೀಟರಿನಷ್ಟು ವೇಗದಿಂದ ಬಲವಾಗಿ ಒತ್ತಿ, ಹೊರಗೆ ನಿಂತ ಇನ್ನೊಬ್ಬರು ಯಾವ ಚಕ್ರ ಮೊದಲು ಲಾಕ್ ಆಯಿತೆಂದು ನೋಡಬೇಕು. ಹಿಂದಿನದು ಮೊದಲಾದರೆ ಕವಾಟದ ಗುಂಡಿಯನ್ನು ಸ್ವಲ್ಪ ಕಡಿಮೆಯ ಕಡೆಗೆ ತಿರುಗಿಸಿ ಮತ್ತೆ ಪರೀಕ್ಷಿಸಬೇಕು, ಮುಂದಿನದು ಕೂದಲೆಳೆಯಷ್ಟು ಮೊದಲಾಗುವವರೆಗೆ. ಟೈರು ಬದಲಿಸಿದ ದಿನ ಈ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕಾಗುತ್ತದೆ.